ಬ್ಲಾಟೆನ್ ಮತ್ತೆ ಕಟ್ಟಬೇಕೆ? ಆಲ್ಪ್ಸ್ ಪರ್ವತದ ಒಂದು ಹಳ್ಳಿ ಎಬ್ಬಿಸಿದ ಪ್ರಶ್ನೆ

2025ರ ಮೇ 28ರ ಮಧ್ಯಾಹ್ನ ಸ್ವಿಟ್ಜರ್ಲೆಂಡಿನ ಲೋಚೆನ್‌ತಾಲ್ ಕಣಿವೆಯಲ್ಲಿ ಬಿರ್ಷ್ ಎಂಬ ಹಿಮನದಿ ಬೆಟ್ಟದ ಬಂಡೆಗಳನ್ನೂ ಹೊತ್ತುಕೊಂಡು ಕುಸಿಯಿತು. ನೋಡನೋಡುತ್ತಿದ್ದಂತೆ ಬ್ಲಾಟೆನ್ ಎಂಬ ಹಳ್ಳಿಯ ಸುಮಾರು ಶೇ. 90 ಭಾಗ ಮಣ್ಣು, ಮಂಜು, ಬಂಡೆಗಳ ಅಡಿಗೆ ಸೇರಿತು. ಊರಿನ ಸುಮಾರು 300 ಜನರನ್ನು ಒಂಬತ್ತು ದಿನ ಮೊದಲೇ ಅಲ್ಲಿಂದ ಹೊರಗೆ ಕಳುಹಿಸಲಾಗಿತ್ತು, ಹಸುಗಳನ್ನೂ ಕುರಿಗಳನ್ನೂ ಸಾಗಿಸಲಾಗಿತ್ತು; ಹಾಗಾಗಿ ಜೀವ ಕಳೆದುಕೊಂಡವರು ಒಬ್ಬರು ಮಾತ್ರ. ಇಲ್ಲಿಯವರೆಗಿನದು ವಿಜ್ಞಾನ ಮತ್ತು ಆಡಳಿತ ಎರಡೂ ಗೆದ್ದ ಕಥೆಯೆಂದು ಜಗತ್ತಿನ ಪತ್ರಿಕೆಗಳು ಬರೆದವು.

ಓದುಗರಿಗೆ ಗೊಂದಲವಾದದ್ದು ಅನಂತರದ ಸುದ್ದಿಯಿಂದ. ಹಳ್ಳಿಯ ಪಂಚಾಯಿತಿಯೂ ಪ್ರಾಂತ್ಯದ ಸರ್ಕಾರವೂ ಈ ದಶಕ ಮುಗಿಯುವುದರೊಳಗೆ ಬ್ಲಾಟೆನ್ ಅನ್ನು ಮರಳಿ ಕಟ್ಟುವುದಾಗಿ ಹೇಳಿದವು. ಅದೇ ದೇಶದ ಕೆಲವು ಪತ್ರಿಕೆಗಳು, ಅರ್ಥಶಾಸ್ತ್ರದ ನೆಲೆಯಿಂದ ಮಾತನಾಡುವ ಕೆಲವರು, ಮುನ್ನೂರು ಜನರಿಗಾಗಿ ಅಪಾಯದ ಬೆಟ್ಟದ ಬುಡದಲ್ಲಿ ಇಷ್ಟು ಹಣ ಸುರಿಯುವುದು ಸರಿಯೆ ಎಂದು ಬಹಿರಂಗವಾಗಿಯೇ ಕೇಳಿದರು. ಊರು ಕಳೆದುಕೊಂಡವರ ಮುಂದೆ ಇಂಥ ಪ್ರಶ್ನೆ ಎತ್ತುವುದು ಕ್ರೂರವಾಗಿ ಕಾಣುತ್ತದೆ; ಅದೇ ಬೆಟ್ಟದ ಕೆಳಗೆ ಮತ್ತೆ ಮನೆ ಕಟ್ಟುವ ಹಟ ಅವಿವೇಕವಾಗಿ ಕಾಣುತ್ತದೆ. ಎರಡೂ ಅನಿಸಿಕೆಗಳು ಅರ್ಧ ಮಾಹಿತಿಯಿಂದ ಹುಟ್ಟಿದವು. ಉಳಿದರ್ಧ ಇರುವುದು ಆಲ್ಪ್ಸ್‌ನ ಹಳ್ಳಿ ಎಂದರೆ ಏನು ಎಂಬುದರಲ್ಲಿ, ಮತ್ತು ಅದರ ಖರ್ಚನ್ನು ಯಾರು, ಯಾವ ನಿಯಮದಡಿ ಹೊರುತ್ತಾರೆ ಎಂಬುದರಲ್ಲಿ.

ಬೆಟ್ಟ ಕುಸಿದ ಬಗೆ

ಬ್ಲಾಟೆನ್ ಇದ್ದದ್ದು ಸಮುದ್ರಮಟ್ಟದಿಂದ ಸುಮಾರು 1,540 ಮೀಟರ್ ಎತ್ತರದಲ್ಲಿ. ಅದರ ಮೇಲುಗಡೆ ಕ್ಲೈನೆಸ್ ನೆಸ್ಟ್‌ಹಾರ್ನ್ ಎಂಬ, 3,300 ಮೀಟರಿಗೂ ಎತ್ತರದ ಶಿಖರ. ಅದರ ಮಗ್ಗುಲಲ್ಲಿ ಬಿರ್ಷ್ ಹಿಮನದಿ. ಮೇ ತಿಂಗಳಲ್ಲಿ ಶಿಖರದ ಬಂಡೆಗಳು ಸಡಿಲಗೊಂಡು ಕಂತುಕಂತಾಗಿ ಹಿಮನದಿಯ ಬೆನ್ನಿನ ಮೇಲೆ ಬೀಳತೊಡಗಿದವು. ಹೀಗೆ ಜಮಾಯಿಸಿದ ಕಲ್ಲಿನ ಪ್ರಮಾಣ ಸುಮಾರು 30 ಲಕ್ಷ ಘನ ಮೀಟರ್. ಈ ಭಾರ ಹಿಮನದಿಯನ್ನು ಕೆಳಕ್ಕೆ ಒತ್ತಿತು. ಒತ್ತಡದಿಂದಲೂ ಕರಗಿದ ನೀರಿನಿಂದಲೂ ತಳ ಜಾರುಗೊಂಡಿತು. ಸಾಮಾನ್ಯವಾಗಿ ಬಲು ನಿಧಾನವಾಗಿ ಸರಿಯುವ ಹಿಮ ಕೊನೆಯ ದಿನಗಳಲ್ಲಿ ದಿನವೊಂದಕ್ಕೇ ಹಲವು ಮೀಟರ್ ಚಲಿಸಿತು. ಕೊನೆಗೆ ಇಡೀ ರಾಶಿ ಒಮ್ಮೆಗೇ ಕೆಳಗಿಳಿದು, ಭೂಕಂಪಮಾಪಕಗಳಲ್ಲಿ ದಾಖಲಾಗುವಷ್ಟು ನೆಲ ನಡುಗಿತು. ಕಣಿವೆಯ ತಳದಲ್ಲಿ ನಿಂತ ಅವಶೇಷ ಸುಮಾರು 90 ಲಕ್ಷ ಘನ ಮೀಟರ್ ಎಂಬ ಅಂದಾಜಿದೆ. ಅದು ಲೋನ್ಜಾ ನದಿಗೆ ಅಡ್ಡಲಾಗಿ ಅಣೆಕಟ್ಟಿನಂತೆ ನಿಂತಿತು, ಹಿಂದೆ ಕೆರೆ ಕಟ್ಟಿತು. ಮಣ್ಣಿನಿಂದ ತಪ್ಪಿಸಿಕೊಂಡಿದ್ದ ಮನೆಗಳಲ್ಲಿ ಹಲವು ಈ ನೀರಿನಲ್ಲಿ ಮುಳುಗಿದವು.

ಇದಕ್ಕೆಲ್ಲ ಹವಾಮಾನ ಬದಲಾವಣೆಯೇ ಕಾರಣ ಎಂದು ಒಂದೇ ಮಾತಿನಲ್ಲಿ ಮುಗಿಸುವಂತಿಲ್ಲ. ಆಲ್ಪ್ಸ್‌ನಲ್ಲಿ ಸರಿಸುಮಾರು 2,500 ಮೀಟರ್ ಮೇಲೆ, ವಿಶೇಷವಾಗಿ ನೆರಳಿನ ಇಳಿಜಾರುಗಳಲ್ಲಿ, ಬಂಡೆಯ ಬಿರುಕುಗಳಲ್ಲಿನ ನೀರು ವರ್ಷವಿಡೀ ಹೆಪ್ಪುಗಟ್ಟಿದ್ದು ಗಾರೆಯಂತೆ ಕಲ್ಲುಗಳನ್ನು ಹಿಡಿದಿಡುತ್ತದೆ. ಪರ್ಮಾಫ್ರಾಸ್ಟ್ ಎಂದು ಕರೆಯುವ ಈ ಹೆಪ್ಪು ಕರಗಿದಾಗ ಬಂಡೆಯ ಬಿಗಿ ಸಡಿಲವಾಗುತ್ತದೆ. ಆದರೆ ಒಂದು ನಿರ್ದಿಷ್ಟ ಶಿಖರದ ಒಂದು ನಿರ್ದಿಷ್ಟ ಕುಸಿತದಲ್ಲಿ ಶಿಲೆಯ ರಚನೆಯ ಪಾಲೆಷ್ಟು, ತಾಪಮಾನದ ಪಾಲೆಷ್ಟು ಎಂದು ತೂಗಿ ಹೇಳುವುದು ಕಷ್ಟ. ಆಲ್ಪ್ಸ್‌ನ ಬೆಟ್ಟಗಳು ಹಿಂದೆಯೂ ಬಿದ್ದಿವೆ: 1806ರಲ್ಲಿ ಗೋಲ್ಡೌ ಎಂಬಲ್ಲಿ 457 ಜನ ಸತ್ತರು. ಅದಕ್ಕೂ ಹಿಂದೆ, 1618ರಲ್ಲಿ, ಈಗ ಇಟಲಿಯಲ್ಲಿರುವ ಪಿಯುರೊ ಪಟ್ಟಣ ಪೂರ್ತಿ ಹೂತುಹೋಯಿತು. ಬೆಟ್ಟ ಬೀಳುವುದು ಅಲ್ಲಿಯವರಿಗೆ ಹೊಸದಲ್ಲ. ಎಲ್ಲಿ ಬೀಳುತ್ತದೆ ಎಂಬ ಹಳೆಯ ಅನುಭವ ಇನ್ನು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಷ್ಟೇ ಹೊಸ ಪ್ರಶ್ನೆ. ಚರ್ಚೆಯ ತಿರುಳಿರುವುದೂ ಅಲ್ಲೇ.

ಹಳ್ಳಿ ಎಂದರೆ ಮನೆಗಳಷ್ಟೇ ಅಲ್ಲ

ಲೋಚೆನ್‌ತಾಲ್ ಇರುವುದು ವಾಲಿಸ್ ಪ್ರಾಂತ್ಯದಲ್ಲಿ. ಫ್ರೆಂಚ್ ಭಾಷಿಕರು ಅದನ್ನು ವಾಲೆ ಎನ್ನುತ್ತಾರೆ. ಕಣಿವೆಯಲ್ಲಿ ಫೆರ್ಡೆನ್, ಕಿಪ್ಪೆಲ್, ವೀಲರ್, ಬ್ಲಾಟೆನ್ ಎಂಬ ನಾಲ್ಕು ಊರುಗಳು, ಎಲ್ಲ ಸೇರಿ ಸುಮಾರು 1,500 ಜನ. ಅವರಾಡುವ ಜರ್ಮನ್ ನುಡಿ ಬರ್ಲಿನ್ ಬಿಡಿ, ಜ್ಯೂರಿಕ್‌ನವರಿಗೂ ಸುಲಭಕ್ಕೆ ತಿಳಿಯದಷ್ಟು ಹಳೆಯ ರೂಪಗಳನ್ನು ಉಳಿಸಿಕೊಂಡಿದೆ. 1913ರಲ್ಲಿ ಲೋಚ್‌ಬೆರ್ಗ್ ರೈಲು ಸುರಂಗ ತೆರೆದು ಕಣಿವೆಯ ಬಾಯಲ್ಲಿ ಗೊಪ್ಪೆನ್‌ಸ್ಟೈನ್ ನಿಲ್ದಾಣ ಬರುವ ತನಕ, ಚಳಿಗಾಲದಲ್ಲಿ ಹಿಮಕುಸಿತಗಳು ದಾರಿ ಮುಚ್ಚಿದರೆ ಈ ಊರುಗಳು ತಮ್ಮಷ್ಟಕ್ಕೆ ತಾವೇ ಇರಬೇಕಿತ್ತು. ಸುರಂಗ ಕಟ್ಟುವ ಕಾಲದಲ್ಲಿಯೇ, 1908ರಲ್ಲಿ, ಗೊಪ್ಪೆನ್‌ಸ್ಟೈನ್‌ನ ಮೇಲೆ ಹಿಮ ಕುಸಿದು 12 ಜನ ಸತ್ತಿದ್ದರು.

ಇಂಥ ಜಾಗದಲ್ಲಿ ಬದುಕಲು ಒಂದು ಕುಟುಂಬಕ್ಕೆ ಒಂದೆಡೆಯ ನೆಲ ಸಾಲದು. ತಳದಲ್ಲಿ ರೈ ಎಂಬ ಧಾನ್ಯ, ನಡುವೆ ಹುಲ್ಲುಗಾವಲು, ಬೇಸಿಗೆಯಲ್ಲಿ ಕಾಡಿನ ಗಡಿಗಿಂತ ಮೇಲಿನ ಮೇವುಬಯಲು. ಅದನ್ನೇ ಅವರು ಆಲ್ಪ್ ಎನ್ನುತ್ತಾರೆ. ಪರ್ವತಗಳ ಹೆಸರೂ ಅದೇ ಮಾತಿನ ನಂಟಿನದು. ದನಗಳು ಬೇಸಿಗೆಯಲ್ಲಿ ಮೇಲೇರುತ್ತವೆ, ಜನರಲ್ಲಿ ಕೆಲವರು ಅವುಗಳ ಜೊತೆ ಹೋಗಿ ಚೀಸ್ ಮಾಡುತ್ತಾರೆ, ಉಳಿದವರು ಕೆಳಗೆ ಚಳಿಗಾಲದ ಹುಲ್ಲು ಒಣಗಿಸುತ್ತಾರೆ. ಮಕ್ಕಳಿಗೆಲ್ಲ ಸಮಪಾಲು ಹಂಚುವ ಪದ್ಧತಿಯಿಂದ ಆಸ್ತಿ ಚೂರುಚೂರಾಗಿ, ಒಂದು ಮನೆತನಕ್ಕೆ ಹತ್ತಾರು ಕಡೆ ಹೊಲದ ತುಂಡು, ಕಣಜದಲ್ಲಿ ಒಂದು ಪಾಲು, ಮನೆಯ ಒಂದು ಅಂತಸ್ತು ಹೀಗೆ ಒಡೆತನ ಚದುರಿರುತ್ತಿತ್ತು. ಹೊರಗಿನವರಿಗೆ ಇದು ಗೋಜಲು. ಒಂದು ಇಳಿಜಾರು ಕುಸಿದರೆ ಒಂದು ಮನೆತನ ಪೂರ್ತಿ ನಾಶವಾಗದಂತೆ ಕಾಯ್ದದ್ದೂ ಇದೇ ಗೋಜಲು.

ಮೇಲಿನ ಮೇವುಬಯಲು ಮತ್ತು ಕಾಡು ಮಾತ್ರ ಸಾಮುದಾಯಿಕ. ಇದರ ಅತ್ಯಂತ ಪ್ರಸಿದ್ಧ ದಾಖಲೆ ಸಿಗುವುದು ಅದೇ ವಾಲಿಸ್ ಪ್ರಾಂತ್ಯದ ಟೋರ್ಬೆಲ್ ಎಂಬ ಹಳ್ಳಿಯಲ್ಲಿ. 1483ರಲ್ಲಿ ಅಲ್ಲಿಯವರು ಆಲ್ಪ್ ಬಳಕೆಗೆ ಸಂಘ ಕಟ್ಟಿಕೊಂಡರು. 1517ರ ನಿಯಮದ ಪ್ರಕಾರ ಚಳಿಗಾಲದಲ್ಲಿ ತಾನು ಸಾಕಬಲ್ಲಷ್ಟು ಹಸುಗಳಿಗಿಂತ ಹೆಚ್ಚನ್ನು ಯಾರೂ ಮೇವುಬಯಲಿಗೆ ಅಟ್ಟುವಂತಿರಲಿಲ್ಲ. ಸರಳವಾಗಿ ಕಾಣುವ ಈ ನಿಯಮದ ಜಾಣ್ಮೆ ಗಮನಿಸಬೇಕು: ಎಲ್ಲರಿಗೂ ಸೇರಿದ ಬಯಲಿನ ಮಿತಿಯನ್ನು ಅದು ಪ್ರತಿಯೊಬ್ಬರ ಸ್ವಂತ ಹುಲ್ಲಿನ ಬಣವೆಗೆ ಕಟ್ಟಿಹಾಕುತ್ತದೆ, ಆದ್ದರಿಂದ ಲೆಕ್ಕ ತಪ್ಪಿಸುವುದು ಕಷ್ಟ. ಸಾಮುದಾಯಿಕ ಸಂಪತ್ತನ್ನು ಬಳಸುವವರೇ ಉಳಿಸಿಕೊಳ್ಳಬಲ್ಲರು ಎಂದು ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಂ ಮುಂದಿಟ್ಟ ಉದಾಹರಣೆಗಳಲ್ಲಿ ಟೋರ್ಬೆಲ್ ಒಂದು. ನಮ್ಮ ಗೋಮಾಳಗಳ ಗತಿ ಬಲ್ಲ ಓದುಗರಿಗೆ ಐದು ಶತಮಾನ ಬಾಳಿದ ಈ ನಿಯಮ ಸಣ್ಣ ಸಂಗತಿಯೆನಿಸದು.

ಈ ಹಕ್ಕುಗಳ ಜೊತೆಗೆ ದುಡಿಮೆಯ ಹೊಣೆಯೂ ಇತ್ತು. ದಾರಿ, ನೀರಿನ ಕಾಲುವೆ, ಹಿಮ ತಡೆವ ಕಾಡು, ಎಲ್ಲಕ್ಕೂ ಮನೆಗೊಂದಾಳು ಬರಬೇಕಿತ್ತು. ಹಬ್ಬಗಳೂ ಇದೇ ಒಕ್ಕೂಟದ ಮುಖಗಳು. ಫೆಬ್ರವರಿ ಆರಂಭದಿಂದ ಕ್ರೈಸ್ತರ ತಪಸ್ಸುಕಾಲದ ಹಿಂದಿನ ಮಂಗಳವಾರದವರೆಗೆ ಆಡುಮೇಕೆಯ ತೊಗಲು ಹೊದ್ದು, ಸೊಂಟಕ್ಕೆ ದನದ ಗಂಟೆ ಕಟ್ಟಿ, ಮರದಲ್ಲಿ ಕೆತ್ತಿದ ಭೀಕರ ಮುಖವಾಡ ತೊಟ್ಟು ಓಡುವ ‘ಚೆಗ್ಗೆಟ್ಟೆ’ಗಳು ಲೋಚೆನ್‌ತಾಲ್‌ನ ಗುರುತು. ಹಿಂದೆ ಮದುವೆಯಾಗದ ಗಂಡಸರು ಮಾತ್ರ ಈ ವೇಷ ಹಾಕುತ್ತಿದ್ದರು. ಮುಖವಾಡಗಳನ್ನು ಕಿಪ್ಪೆಲ್‌ನ ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಆದರೆ ಆಚರಣೆಗೆ ಬೇಕಾದದ್ದು ನಡುಚಳಿಗಾಲದಲ್ಲಿ ಕಣಿವೆಯಲ್ಲೇ ಇರುವ ಹರೆಯದವರು, ಮತ್ತು ಅವರನ್ನು ನೋಡಿ ಹೆದರಿ ಓಡಲು ಒಂದು ಬೀದಿ. ‘ಸಂಸ್ಕೃತಿ ಉಳಿಸಬೇಕು’ ಎಂಬ ವಾದವನ್ನು ಭಾವುಕತೆ ಎಂದು ತಳ್ಳಿಹಾಕುವವರು ಈ ಅಂಶವನ್ನು ಮರೆಯುತ್ತಾರೆ.

ಕಟ್ಟಬಾರದೆನ್ನುವವರ ತರ್ಕ

ಈ ವಾದ ಬ್ಲಾಟೆನ್ ಜೊತೆ ಹುಟ್ಟಿದ್ದಲ್ಲ. 2005ರಲ್ಲಿ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಬಾಸೆಲ್ ಘಟಕದ ವಾಸ್ತುಶಿಲ್ಪಿಗಳು ದೇಶದ ನಕ್ಷೆಯನ್ನೇ ಹೊಸದಾಗಿ ಬರೆದು, ಜನ ಕಡಿಮೆಯಾಗುತ್ತಿರುವ ಪರ್ವತ ಭಾಗಗಳನ್ನು ‘ಆಲ್ಪ್ಸ್‌ನ ಬೀಳು’ ಎಂಬ ಅರ್ಥದ ಮಾತಿನಿಂದ ಕರೆದರು. ಬೀಳುಬಿಟ್ಟ ಹೊಲದಂತೆ ಕೆಲವು ಕಣಿವೆಗಳನ್ನು ಪ್ರಕೃತಿಗೆ ಬಿಟ್ಟುಕೊಡುವುದೂ ಒಂದು ಆಯ್ಕೆಯೇ ಎಂಬ ಸೂಚನೆ ಅದರಲ್ಲಿತ್ತು. ಪರ್ವತ ಪ್ರದೇಶಗಳವರು ಆಗ ಕೆರಳಿದ್ದು ಇಂದಿಗೂ ತಣ್ಣಗಾಗಿಲ್ಲ. ತರ್ಕ ಹೀಗಿದೆ: ಕಡಿದಾದ ಕಣಿವೆಯಲ್ಲಿ ಪ್ರತಿ ನಿವಾಸಿಗೂ ತಗಲುವ ರಸ್ತೆ, ಸುರಂಗ, ಹಿಮತಡೆ, ಶಾಲೆ, ಬಸ್ಸಿನ ವೆಚ್ಚ ನಗರದ ಹಲವು ಪಟ್ಟು, ಅದನ್ನು ತೆರುವವರು ನಗರದ ತೆರಿಗೆದಾರರು, ಮೇಲಾಗಿ ಬೆಟ್ಟಗಳು ಇನ್ನಷ್ಟು ಸಡಿಲವಾದಾಗ ಬ್ಲಾಟೆನ್‌ಗೆ ಕೊಟ್ಟದ್ದನ್ನು ಮುಂದಿನ ಹಳ್ಳಿಗೆ ನಿರಾಕರಿಸಲು ಯಾವ ಕಾರಣವೂ ಉಳಿಯುವುದಿಲ್ಲ.

ಕೊನೆಯ ಅಂಶ ಗಟ್ಟಿಯಾದದ್ದು. ಒಂದು ಹಳ್ಳಿಯ ಲೆಕ್ಕವಲ್ಲ, ಪೂರ್ವನಿದರ್ಶನದ ಲೆಕ್ಕ ಅದು.

ಕಟ್ಟಬೇಕೆನ್ನುವವರ ತರ್ಕ

ಇವರ ಮೊದಲ ಆಧಾರ ಸಂವಿಧಾನ. ಸ್ವಿಸ್ ಒಕ್ಕೂಟ ಸಂವಿಧಾನದ 104ನೆಯ ವಿಧಿ ಕೃಷಿಗೆ ವಹಿಸುವ ಕೆಲಸಗಳಲ್ಲಿ ಅನ್ನ ಒದಗಿಸುವುದರ ಜೊತೆಗೆ ದೇಶದಾದ್ಯಂತ ಜನವಸತಿ ಚದುರಿ ಉಳಿಯಲು ನೆರವಾಗುವುದನ್ನೂ ಹೆಸರಿಸುತ್ತದೆ. 50ನೆಯ ವಿಧಿ ಪರ್ವತ ಪ್ರದೇಶಗಳ ವಿಶೇಷ ಸ್ಥಿತಿಯನ್ನು ಗಮನಿಸಬೇಕೆನ್ನುತ್ತದೆ. ಉಳ್ಳ ಪ್ರಾಂತ್ಯಗಳ ಮತ್ತು ಒಕ್ಕೂಟದ ಹಣವನ್ನು ಕೊರತೆಯಿರುವ ಪ್ರಾಂತ್ಯಗಳಿಗೆ ಹಂಚುವ, 2008ರಿಂದ ಜಾರಿಯಲ್ಲಿರುವ ಹಣಕಾಸು ಸಮೀಕರಣ ವ್ಯವಸ್ಥೆಯಲ್ಲಿ ಕಡಿದಾದ ಭೂರಚನೆಯ ಹೆಚ್ಚುವರಿ ಖರ್ಚಿಗೆಂದೇ ಪ್ರತ್ಯೇಕ ಪಾಲಿದೆ. ಅಂದರೆ ಬೆಟ್ಟದ ಊರಿಗೆ ಹೋಗುವ ಹಣ ದಾನವಲ್ಲ, ಒಪ್ಪಂದ.

ಎರಡನೆಯ ಆಧಾರ ನೀರು. ವಾಲಿಸ್‌ನಲ್ಲಿ 285 ಮೀಟರ್ ಎತ್ತರದ ಗ್ರಾಂಡ್ ಡಿಕ್ಸಾನ್ಸ್ ಅಣೆಕಟ್ಟು ಸೇರಿದಂತೆ ಬೆಟ್ಟಗಳ ಜಲಾಶಯಗಳು ನಗರಗಳಿಗೆ ಚಳಿಗಾಲದ ವಿದ್ಯುತ್ ಕೊಡುತ್ತವೆ. ಆ ದುಡಿಮೆಯ ಬೆಲೆಯನ್ನೂ ಬೆಟ್ಟ ತೆತ್ತಿದೆ: 1965ರ ಆಗಸ್ಟ್ 30ರಂದು ಇದೇ ಪ್ರಾಂತ್ಯದ ಮಟ್‌ಮಾರ್ಕ್ ಅಣೆಕಟ್ಟಿನ ಕಾಮಗಾರಿ ಜಾಗದ ಮೇಲೆ ಅಲ್ಲಾಲಿನ್ ಹಿಮನದಿಯ ತುದಿ ಮುರಿದುಬಿದ್ದು 88 ಕೆಲಸಗಾರರು ಸತ್ತರು. ನಗರ ಕೊಡುತ್ತದೆ, ಬೆಟ್ಟ ಪಡೆಯುತ್ತದೆ ಎಂಬ ಚಿತ್ರ ಹೀಗಾಗಿ ಏಕಮುಖ.

ಬ್ಲಾಟೆನ್ ಇದ್ದ ಕಣಿವೆಯಿಂದ ಲೋಚ್‌ಬೆರ್ಗ್ ಸುರಂಗ ದಾಟಿದರೆ ಕಾಂಡರ್ ಕಣಿವೆಯಲ್ಲಿ ಮಿಟ್‌ಹೋಲ್ಜ್ ಎಂಬ ಹಳ್ಳಿಯಿದೆ. ಅಲ್ಲಿ 1947ರಲ್ಲಿ ಸೈನ್ಯದ ಮದ್ದುಗುಂಡಿನ ಉಗ್ರಾಣ ಸ್ಫೋಟಿಸಿತು; ಉಳಿದ ಸ್ಫೋಟಕಗಳನ್ನು ತೆಗೆಯುವ ಕೆಲಸಕ್ಕೆ ಸಂಸತ್ತು ಸುಮಾರು 259 ಕೋಟಿ ಫ್ರಾಂಕ್ ಮಂಜೂರು ಮಾಡಿದೆ, ಊರಿನವರು ವರ್ಷಗಟ್ಟಲೆ ಊರು ಬಿಡಬೇಕಾಗಿದೆ. ತಪ್ಪು ಸರ್ಕಾರದ್ದಾದಾಗ ಸಣ್ಣ ಹಳ್ಳಿಗೂ ಇಷ್ಟು ಖರ್ಚು ಸಮರ್ಥನೀಯವಾಗುತ್ತದೆ, ತಪ್ಪು ಬೆಟ್ಟದ್ದಾದರೆ ಅಲ್ಲ. ನ್ಯಾಯದ ದೃಷ್ಟಿಯಿಂದ ಈ ವ್ಯತ್ಯಾಸ ಸರಿಯಿರಬಹುದು, ಆದರೆ ‘ಮುನ್ನೂರು ಜನರಿಗಾಗಿ ಇಷ್ಟು ದುಡ್ಡೆ’ ಎಂಬ ಮಾತಿನ ಸದ್ದು ಅದರ ಪಕ್ಕದಲ್ಲಿ ಇಳಿಯುತ್ತದೆ.

ವಿಮೆಯೇ ಎಳೆಯುವ ದಿಕ್ಕು

ಚರ್ಚೆಯಲ್ಲಿ ಸಾಕಷ್ಟು ಬೆಳಕಿಗೆ ಬಾರದ ಸಂಗತಿಯೆಂದರೆ ಹಣದ ದೊಡ್ಡ ಪಾಲು ತೆರಿಗೆಯದ್ದಲ್ಲ. ವಿಮಾ ಸಂಸ್ಥೆಗಳ ಒಕ್ಕೂಟ ಅಂದಾಜು ಮಾಡಿದ ನಷ್ಟ ಸುಮಾರು 32 ಕೋಟಿ ಫ್ರಾಂಕ್; ಒಕ್ಕೂಟ ಸರ್ಕಾರ ತುರ್ತಾಗಿ ಕೊಟ್ಟ ನೆರವು 50 ಲಕ್ಷ ಫ್ರಾಂಕ್. ಸ್ವಿಟ್ಜರ್ಲೆಂಡಿನ 19 ಪ್ರಾಂತ್ಯಗಳಲ್ಲಿ ಕಟ್ಟಡ ವಿಮೆ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ. ವಾಲಿಸ್ ಸೇರಿ ಉಳಿದ ಏಳರಲ್ಲಿ ಖಾಸಗಿ ಸಂಸ್ಥೆಗಳ ಕೈಯಲ್ಲಿ. ಅಲ್ಲಿ ಬೆಂಕಿ ವಿಮೆ ಮಾಡಿಸಿದರೆ ಪ್ರವಾಹ, ಹಿಮಕುಸಿತ, ಬಂಡೆಕುಸಿತಗಳ ರಕ್ಷಣೆಯೂ ಕಾನೂನಿನಂತೆ ಜೊತೆಗೇ ಬರುತ್ತದೆ, ಅದೂ ಎಲ್ಲರಿಗೂ ಒಂದೇ ದರದಲ್ಲಿ. ಜಿನೀವಾದ ಸಮತಟ್ಟು ನೆಲದ ಮನೆ ಮತ್ತು ಹಿಮನದಿಯ ಕೆಳಗಿನ ಮನೆ ಈ ಅಪಾಯಗಳಿಗೆ ತೆರುವ ದರ ಒಂದೇ. ಸಹಬಾಳ್ವೆಯ ನಿಯಮವಿದು.

ಇದರ ಒಂದು ಪರಿಣಾಮ ಗಮನಾರ್ಹ. ವಿಮೆ ಸಾಮಾನ್ಯವಾಗಿ ಪೂರ್ತಿ ಮರುನಿರ್ಮಾಣದ ಮೊತ್ತ ಕೊಡುವುದು ಗೊತ್ತಾದ ಅವಧಿಯೊಳಗೆ, ಅದೇ ಊರಿನ ಆಸುಪಾಸಿನಲ್ಲಿ ಮತ್ತೆ ಕಟ್ಟಿದರೆ. ಕಟ್ಟದಿದ್ದರೆ ಮಾರುಕಟ್ಟೆ ಬೆಲೆಯಷ್ಟೇ. ಬೆಟ್ಟದ ಹಳ್ಳಿಯಲ್ಲಿ ಹಳೆಯ ಮರದ ಮನೆಯ ಮಾರುಕಟ್ಟೆ ಬೆಲೆ ಅದನ್ನು ಹೊಸದಾಗಿ ಕಟ್ಟುವ ಖರ್ಚಿಗಿಂತ ಬಹಳ ಕಡಿಮೆಯಿರಬಹುದು. ಇನ್ನು ಮಣ್ಣಿನಡಿ ಹೋದ ನಿವೇಶನಕ್ಕೆ ಕಟ್ಟಡ ವಿಮೆ ಅನ್ವಯಿಸುವುದಿಲ್ಲ. ಹಾಗಾಗಿ ಬೇರೆಡೆ ಹೋಗಲು ಮನಸ್ಸಿದ್ದವನಿಗೂ ಮರಳಿ ಕಟ್ಟುವುದೇ ಲಾಭವೆನಿಸುವ ಒತ್ತಡವನ್ನು ನಿಯಮವೇ ಹುಟ್ಟಿಸುತ್ತದೆ. ಊರಿನವರ ನಿರ್ಧಾರವನ್ನು ಬರಿಯ ಭಾವನೆ ಎಂದು ಓದುವುದೂ, ಬರಿಯ ಸಂಸ್ಕೃತಿನಿಷ್ಠೆ ಎಂದು ಹೊಗಳುವುದೂ ಈ ಕಾರಣಕ್ಕೆ ಅಪೂರ್ಣ.

ತೆರಿಗೆಯ ಹಣ ಬೇಕಾಗುವುದು ರಸ್ತೆ, ನೀರು, ವಿದ್ಯುತ್, ನದಿಯ ಹೊಸ ಪಾತ್ರ ಮತ್ತು ರಕ್ಷಣಾ ಕಟ್ಟೆಗಳಿಗೆ. ಆದ್ದರಿಂದ ಸಾರ್ವಜನಿಕರು ಕೇಳಬೇಕಾದ ಪ್ರಶ್ನೆ ಮನೆಗಳ ಬಗ್ಗೆಯಲ್ಲ: ಈ ಸೌಕರ್ಯಗಳನ್ನು ಕಾಯುವ ಖರ್ಚು ಮುಂದಿನ ಐವತ್ತು ವರ್ಷ ಎಷ್ಟಾಗುತ್ತದೆ?

ಹಳೆಯ ನೆನಪು, ಹೊಸ ಬೆಟ್ಟ

ಬೆಟ್ಟದ ಜನ ಅಪಾಯ ತಿಳಿಯದೆ ಅಲ್ಲಿ ಕೂತವರಲ್ಲ. ಆಂಡರ್‌ಮಟ್‌ನಲ್ಲಿ ಊರ ಮೇಲಿನ ಕಾಡನ್ನು ಕಡಿಯಬಾರದೆಂಬ ಕಟ್ಟಳೆ 1397ರಷ್ಟು ಹಿಂದಿನದು. ಎಲ್ಲಿ ಹಿಮ ಇಳಿಯುತ್ತದೆ, ಎಲ್ಲಿ ಇಳಿಯುವುದಿಲ್ಲ ಎಂಬ ತಲೆಮಾರುಗಳ ನೆನಪಿನ ಮೇಲೆ ಹಳೆಯ ಊರುಗಳ ಜಾಗ ಗೊತ್ತಾಯಿತು. ಹಿಮಕುಸಿತದೊಡನೆ ಬಾಳುವ ಈ ಅರಿವನ್ನು ಯುನೆಸ್ಕೊ 2018ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ. 1951ರ ಚಳಿಗಾಲದಲ್ಲಿ ಹಿಮಕುಸಿತಗಳಿಂದ ದೇಶದಲ್ಲಿ 98 ಜನ ಸತ್ತ ಮೇಲೆ ನೆನಪಿನ ಜೊತೆಗೆ ನಕ್ಷೆ ಬಂತು: ಕೆಂಪು ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ನೀಲಿಯಲ್ಲಿ ಷರತ್ತಿನ ಮೇಲೆ ಕಟ್ಟಬಹುದು. ಅಂಥದ್ದೇ ಭೀಕರ ಚಳಿಗಾಲ 1999ರಲ್ಲಿ ಮರಳಿದಾಗ ಸತ್ತವರು 17. ವ್ಯವಸ್ಥೆ ಕೆಲಸ ಮಾಡಿತು.

ಆದರೆ ಈ ನಕ್ಷೆಗಳು ಹಿಂದೆ ನಡೆದದ್ದನ್ನು ಆಧರಿಸಿದವು, ಮುಂದೆಯೂ ಬೆಟ್ಟ ಹೆಚ್ಚುಕಡಿಮೆ ಹಾಗೆಯೇ ವರ್ತಿಸುತ್ತದೆ ಎಂಬ ನಂಬಿಕೆಯ ಮೇಲೆ ನಿಂತವು. ಬ್ಲಾಟೆನ್‌ನ ಹಳೆಯ ಕೇರಿ ಶತಮಾನಗಳ ಕಾಲ ಸುರಕ್ಷಿತವಾಗಿತ್ತು ಎಂಬುದು ಮುಂದಿನ ಶತಮಾನಕ್ಕೆ ಸಾಕ್ಷಿಯಾಗಲಾರದು. ಆದ್ದರಿಂದ ‘ನಮ್ಮ ಹಿರಿಯರು ಇಲ್ಲೇ ಬಾಳಿದರು’ ಎಂಬುದು ಹಕ್ಕಿನ ಮಾತಾಗಿ ಒಪ್ಪತಕ್ಕದ್ದು, ಸುರಕ್ಷತೆಯ ಮಾತಾಗಿ ಅಲ್ಲ. ಹಾಗೆಂದು ಎಲ್ಲ ಕಣಿವೆಗಳೂ ಒಂದೇ ಬಗೆಯಲ್ಲಿ ಅಪಾಯಕಾರಿಯಾಗಿವೆ ಎನ್ನುವ ‘ಬೀಳುಬಿಡಿ’ ವಾದವೂ ಅಷ್ಟೇ ಒರಟು.

ಇತ್ತೀಚಿನ ಅನುಭವಗಳು ಹಲವು ದಾರಿಗಳನ್ನು ತೋರಿಸುತ್ತವೆ. 2000ದ ಅಕ್ಟೋಬರಿನಲ್ಲಿ ಭೂಕುಸಿತಕ್ಕೆ 13 ಜನರನ್ನು ಕಳೆದುಕೊಂಡ ಗೊಂಡೊ ಮತ್ತೆ ಕಟ್ಟಿಕೊಂಡಿತು. 2017ರಲ್ಲಿ ಪಿಜ್ ಚೆಂಗಾಲೊ ಶಿಖರ ಕುಸಿದು ಎಂಟು ಚಾರಣಿಗರು ಸತ್ತು, ಕೆಸರು ನುಗ್ಗಿದ ಬೊಂಡೊದಲ್ಲಿ ಸೇತುವೆ, ತಡೆಕಟ್ಟೆಗಳು ಹೊಸ ಅಳತೆಯಲ್ಲಿ ಎದ್ದವು. ಬ್ರಿಯೆಂಜ್‌ನ ಪಾಡು ಬೇರೆ: 2023ರ ಮೇನಲ್ಲಿ ಊರು ಖಾಲಿಯಾಯಿತು, ಜೂನಿನಲ್ಲಿ ಬಂಡೆರಾಶಿ ಊರಿನ ಅಂಚಿಗೆ ಬಂದು ನಿಂತಿತು, ಜನ ಮರಳಿದರು, 2024ರ ನವೆಂಬರಿನಲ್ಲಿ ಮತ್ತೆ ಹೊರಟರು. ಕುಸಿದು ಮುಗಿದ ಬೆಟ್ಟಕ್ಕಿಂತ ಕುಸಿಯಬಹುದಾದ ಬೆಟ್ಟ ಸಮುದಾಯವನ್ನು ಹೆಚ್ಚು ಸವೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇತಿಹಾಸದಿಂದ ಇನ್ನೊಂದು ಮಾತು ಇಲ್ಲಿ ಪ್ರಸ್ತುತ. 13ನೆಯ ಶತಮಾನದ ಹೊತ್ತಿಗೆ ಇದೇ ಮೇಲಿನ ವಾಲಿಸ್‌ನಿಂದ ಹೊರಟ ವಾಲ್ಸರ್ ಜನ ಇಟಲಿಯ ಮಾಂಟೆ ರೋಸಾ ತಪ್ಪಲು, ಪೂರ್ವ ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್, ಆಸ್ಟ್ರಿಯದ ಫೋರಾರ್ಲ್‌ಬೆರ್ಗ್‌ವರೆಗೆ ಹೊಸ ಹಳ್ಳಿಗಳನ್ನು ಕಟ್ಟಿದರು. ನುಡಿಯನ್ನೂ ಮನೆ ಕಟ್ಟುವ ಬಗೆಯನ್ನೂ ಜೊತೆಗೊಯ್ದರು. ಬೆಟ್ಟದ ಸಮುದಾಯ ಎಂದಿಗೂ ಜಾಗ ಬಿಡದು ಎಂಬುದು ಹಾಗಾದರೆ ನಿಜವಲ್ಲ. ಆದರೆ ಅವರು ಹೋದದ್ದು ವಂಶಪಾರಂಪರ್ಯ ಗೇಣಿಯ ಹಕ್ಕು ಕೊಡುವ ಒಡೆಯರ ನೆಲಕ್ಕೆ, ಮೇವುಬಯಲಿನ ಸಮೇತ. ಇಂದು ಬ್ಲಾಟೆನ್‌ನವರಿಗೆ ಪರ್ಯಾಯವಾಗಿ ಸಿಗುವುದು ತಗ್ಗಿನ ಪಟ್ಟಣದಲ್ಲಿ ಒಂದೊಂದು ಫ್ಲಾಟ್, ಸಮುದಾಯಕ್ಕೆ ನೆಲವಲ್ಲ.

ಮುಂದೆ ಆಗಬಹುದಾದದ್ದು

ವೈಸೆನ್‌ರೀಡ್, ಐಸ್ಟೆನ್‌ನಂಥ, ಬ್ಲಾಟೆನ್‌ಗೇ ಸೇರಿದ ಕೆಲವು ಕೊಪ್ಪಲುಗಳು ಉಳಿದಿವೆ. ಮೊದಲು ಅವುಗಳಿಗೆ ದಾರಿ, ಅಲ್ಲಿ ಹೊಸ ಮನೆ, ಆಮೇಲೆ ತಳದಲ್ಲಿ ಊರಿನ ನಡುಭಾಗ ಎಂಬುದು ಸಹಜವಾದ ಕ್ರಮ. ಅಂದರೆ ‘ಮತ್ತೆ ಕಟ್ಟುವುದು’ ಎಂದರೆ ಹಳೆಯ ಊರನ್ನು ಅದೇ ಗುರುತಿನ ಮೇಲೆ ನಿಲ್ಲಿಸುವುದಲ್ಲ. ಅದೇ ಪಂಚಾಯಿತಿಯ ಗಡಿಯೊಳಗೆ ಊರನ್ನು ಸರಿಸುವುದು. ಪರ ವಿರೋಧದ ಗದ್ದಲದಲ್ಲಿ ಮಸುಕಾದ ಈ ವ್ಯತ್ಯಾಸವನ್ನು ಹಿಡಿದರೆ ಎರಡೂ ಕಡೆಯವರ ಅಂತರ ಅರ್ಧ ಕಡಿಮೆಯಾಗುತ್ತದೆ.

ಉಳಿಯುವ ತೊಡಕುಗಳು ಕಾಲಕ್ಕೆ ಸಂಬಂಧಿಸಿದವು. ಅಪಾಯದ ಹೊಸ ನಕ್ಷೆ ನಂಬುವಂತಾಗಲು ಅವಶೇಷದ ರಾಶಿ ತಣ್ಣಗೆ ಕೂರಬೇಕು, ಒಳಗಿನ ಮಂಜು ಕರಗಬೇಕು, ಮೇಲಿನ ಬಂಡೆಯನ್ನು ಹಲವು ಋತು ಅಳೆಯಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ವಿಮೆಯ ಅವಧಿಗಳು ಅದಕ್ಕಿಂತ ಗಿಡ್ಡ. ಸಮಪಾಲಿನ ಪದ್ಧತಿಯಿಂದ ಚೂರಾದ ನಿವೇಶನಗಳ ಗಡಿಗಲ್ಲುಗಳು ಹತ್ತಾರು ಮೀಟರ್ ಆಳದಲ್ಲಿವೆ. ಹೊಸ ಹಂಚಿಕೆಗೆ ಊರು ಬಿಟ್ಟುಹೋದ ಪಾಲುದಾರರ ಒಪ್ಪಿಗೆಯೂ ಬೇಕು. ಇತ್ತ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳು ಬಾಡಿಗೆ ಮನೆಯಿರುವ ಊರಿನ ಶಾಲೆಗೆ ಹೊಂದಿಕೊಳ್ಳುತ್ತಾರೆ, ದೊಡ್ಡವರು ಅಲ್ಲೇ ಕೆಲಸ ಹಿಡಿಯುತ್ತಾರೆ.

ಮನೆಗಳು ಎದ್ದಾಗ ಅವುಗಳಿಗೆ ಯಾರು ಬರುತ್ತಾರೆ ಎಂಬುದೂ ತೆರೆದ ಪ್ರಶ್ನೆ. 2012ರ ಮಾರ್ಚ್ 11ರ ಜನಮತಗಣನೆಯಲ್ಲಿ ಶೇ. 50.6 ಮತಗಳಿಂದ ಗೆದ್ದ ಪ್ರಸ್ತಾಪದಂತೆ ಯಾವ ಪಂಚಾಯಿತಿಯಲ್ಲೂ ರಜೆಯ ಎರಡನೇ ಮನೆಗಳು ಶೇ. 20 ಮೀರಬಾರದು, ಆ ಮಿತಿಯನ್ನು ಈಗಾಗಲೇ ದಾಟಿದ ಊರುಗಳಲ್ಲಿ ಹೊಸ ರಜಾಮನೆಗೆ ಸುಲಭಕ್ಕೆ ಅನುಮತಿಯಿಲ್ಲ. ವಾಲಿಸ್ ಆಗ ಅದನ್ನು ಬಲವಾಗಿ ವಿರೋಧಿಸಿತ್ತು. ಹೊಸ ಬ್ಲಾಟೆನ್‌ನ ಕಿಟಕಿಗಳಲ್ಲಿ ಜನವರಿಯ ರಾತ್ರಿ ದೀಪ ಉರಿಯಬೇಕೆಂದರೆ ಅದೇ ಮಿತಿ ಈಗ ಊರಿನ ಪರವಾಗಿ ಕೆಲಸ ಮಾಡಬೇಕಾಗುತ್ತದೆ. ಅದರ ಬಿಗಿ ಸಡಿಲಿಸಿ ಹೊರಗಿನ ಹಣ ತರುವ ಒತ್ತಾಯ ಬಂದಾಗ ಪಂಚಾಯಿತಿ ಏನು ಹೇಳುತ್ತದೆ ಎಂಬುದನ್ನು ಕಣಿವೆಯ ಉಳಿದ ಮೂರು ಊರುಗಳೂ ಕಾದು ನೋಡುತ್ತವೆ.